ಹತ್ತೊಂಬತ್ತನೇ ಕೋಷ್ಟಕ

ಹೆಂಡತಿ ಬಾಣಲೆಗೆ ಎಣ್ಣೆ ಸುರಿಯುವುದನ್ನು ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ. ಬಾಟಲಿಯ ಕತ್ತಿನಿಂದ ಎಣ್ಣೆ ಗುಟುಕು ಗುಟುಕಾಗಿ ಇಳಿಯಿತು. ಒಂದು, ಎರಡು, ಎರಡೂವರೆ. ಹನ್ನೊಂದು ಗ್ರಾಂ, ಎಂದುಕೊಂಡ. ಇದು ಅವನ ಇಪ್ಪತ್ತೆರಡು ವರ್ಷದ ಚಾಳಿ. ಯಾರ ತಟ್ಟೆ ಕಂಡರೂ ಕಣ್ಣು ತಾನಾಗಿ ತೂಗುತ್ತದೆ. ನೆಂಟರ ಮನೆಯ ಊಟದಲ್ಲಿ ಎದುರಿಗೆ ಕೂತವರು ಮುಜುಗರಪಟ್ಟು ತುತ್ತನ್ನು ಚಿಕ್ಕದು ಮಾಡಿಕೊಳ್ಳುವುದನ್ನು ಅವನು ಎಷ್ಟೋ ಸಲ ಕಂಡಿದ್ದಾನೆ. ಆಹಾರದಲ್ಲಿ ಸೇರಿಕೊಳ್ಳುವ ವಿಷದ ಅಂಶಗಳಿಂದ ಎಷ್ಟು ಜನಕ್ಕೆ ಕ್ಯಾನ್ಸರ್ ಬಂದೀತು ಎಂದು ಅಂದಾಜು ಮಾಡುವ ಕಚೇರಿಯಲ್ಲಿ ಅವನು ಹಿರಿಯ ಅಧಿಕಾರಿ. ಅಲ್ಲಿ ಅವನ ಬೆನ್ನ ಹಿಂದಿನ ಹೆಸರು ಗ್ರಾಂ ಸಾಹೇಬ್ರು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಒಳಗೊಳಗೇ ಸ್ವಲ್ಪ ಉಬ್ಬುತ್ತಿದ್ದ. ನಿನ್ನೆ ಮಧ್ಯಾಹ್ನದವರೆಗೂ ಉಬ್ಬುತ್ತಿದ್ದ.

"ಏನ್ರೀ, ನನ್ನ ಕೈ ನೋಡ್ಕೊಂಡು ನಿಂತಿದ್ದೀರಿ? ಮೊಟ್ಟೆ ಬೇಕೋ ಬೇಡ್ವೋ?"

"ಬೇಡ."

"ರಾತ್ರಿನೂ ಬೇಡ, ಈಗಲೂ ಬೇಡ. ಎಷ್ಟು ಹೊತ್ತು ಗಾಳಿ ಕುಡ್ಕೊಂಡಿರ್ತೀರಿ?" ಎಂದು ಹೆಂಡತಿ ಉತ್ತರಕ್ಕೂ ಕಾಯದೆ ಮೊಟ್ಟೆ ಒಡೆದಳು. ಅವಳಿಗೆ ಶಾಲೆಗೆ ಹೊತ್ತಾಗುತ್ತಿತ್ತು. ಹೇಳಿಬಿಡಲೇ ಎಂದು ಅವನಿಗೆ ಅನ್ನಿಸಿತು. ಇವತ್ತು ಹನ್ನೊಂದಕ್ಕೆ ಸಮಿತಿಯ ಸಭೆ, ನಾನೇ ಬರೆದ ವರದಿಗೆ ನಾನೇ ಸಹಿ ಹಾಕಬೇಕು, ಹಾಕಿದರೆ ಡಬ್ಬದ ಎಣ್ಣೆ ಹೀಗೆಯೇ ಮಾರಾಟವಾಗುತ್ತದೆ, ಹಾಕದಿದ್ದರೆ ಏಕೆ ಹಾಕಲಿಲ್ಲ ಎಂದು ಹೇಳಬೇಕಾಗುತ್ತದೆ. ಆ 'ಏಕೆ'ಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷ. ಇವಳಿಗೂ ಹೇಳಿರಲಿಲ್ಲ. ಹೇಳುವಂಥದು ಏನೂ ಇಲ್ಲವೆಂದು ತನಗೆ ತಾನೇ ಅಷ್ಟು ಚೆನ್ನಾಗಿ ನಂಬಿಸಿಕೊಂಡಿದ್ದ.

ಎಣ್ಣೆಯನ್ನು ಶುದ್ಧ ಮಾಡುವಾಗ ಶಾಖ ಹೆಚ್ಚಾದರೆ ಅದರಲ್ಲಿ ಒಂದು ಅಂಶ ಹುಟ್ಟಿಕೊಳ್ಳುತ್ತದೆ. ಅದರ ಹೆಸರು ಒಂದು ಸಾಲಿನಷ್ಟು ಉದ್ದ. ಕಚೇರಿಯವರು ಅದನ್ನು ನೆಂಟ ಎಂದು ಕರೆಯುತ್ತಿದ್ದರು, ಕರೆಯದೆ ಬಂದು ಹೋಗದೆ ಕೂತದ್ದು ಎಂದು. ಐದು ಲೀಟರಿನ ಡಬ್ಬದಲ್ಲಿ ಬರುವ ಅಗ್ಗದ ಎಣ್ಣೆಯಲ್ಲಿ ನೆಂಟನ ಕಾಟ ಹೆಚ್ಚು. ಅಂದಾಜಿಗೆ ಬೇಕಾದದ್ದು ಮೂರೇ ಅಂಕಿ. ಎಣ್ಣೆಯಲ್ಲಿ ಅಂಶ ಎಷ್ಟಿದೆ ಎಂಬುದನ್ನು ಪ್ರಯೋಗಶಾಲೆ ಹೇಳುತ್ತದೆ. ಅದು ಎಷ್ಟು ಕೆಟ್ಟದ್ದು ಎಂಬುದನ್ನು ಇಲಿಗಳು ಹೇಳುತ್ತವೆ. ಜನ ದಿನಕ್ಕೆ ಏನೇನು ಎಷ್ಟೆಷ್ಟು ತಿನ್ನುತ್ತಾರೆ, ಅದರಲ್ಲಿ ಎಣ್ಣೆ ಎಷ್ಟು ಎಂಬುದನ್ನು ಇಪ್ಪತ್ತೆರಡು ವರ್ಷದ ಹಿಂದೆ ಮನೆ ಮನೆ ಸುತ್ತಿ ಮಾಡಿದ ಸಮೀಕ್ಷೆಯ ಹತ್ತೊಂಬತ್ತನೇ ಕೋಷ್ಟಕ ಹೇಳುತ್ತದೆ. ಮೊದಲಿನ ಎರಡನ್ನು ಹತ್ತು ಸಲ ಪರೀಕ್ಷಿಸುತ್ತಾರೆ, ಜಗಳವಾಡುತ್ತಾರೆ. ಮೂರನೆಯದನ್ನು ಯಾರೂ ಮುಟ್ಟುವುದಿಲ್ಲ, ಏಕೆಂದರೆ ಅದು ಅಚ್ಚಾಗಿದೆ. ಮೈ ಮುರಿದು ದುಡಿಯುವವರು, ದಿನಕ್ಕೆ ಹದಿನೆಂಟು ಗ್ರಾಂ. ಮೂರನ್ನೂ ಗುಣಿಸಿದಾಗ ಬಂದದ್ದು ಲಕ್ಷಕ್ಕೆ ಸೊನ್ನೆ ದಶಾಂಶ ಒಂಬತ್ತು. ಒಂದು ಲಕ್ಷ ಜನ ಬಾಳಿನುದ್ದಕ್ಕೂ ಇದೇ ಎಣ್ಣೆ ತಿಂದರೆ ಕ್ಯಾನ್ಸರ್ ಬರುವುದು ಒಬ್ಬನಿಗಿಂತ ಸ್ವಲ್ಪ ಕಡಿಮೆ. ಲಕ್ಷಕ್ಕೆ ಒಂದು ದಾಟದಿದ್ದರೆ ಎಣ್ಣೆ ಪಾಸು. ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಸಂಖ್ಯಾಶಾಸ್ತ್ರದವಳು, ಆರು ತಿಂಗಳ ಹಿಂದೆ ಬೇರೆ ಇಲಾಖೆಯಿಂದ ವರ್ಗವಾಗಿ ಬಂದವಳು, ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಅವನ ಕೋಣೆಗೆ ಬಂದಳು. ಕೂದಲಿನಲ್ಲೆಲ್ಲ ಧೂಳು.

"ಸರ್, ಹತ್ತೊಂಬತ್ತನೇ ಕೋಷ್ಟಕದ ಮೂಲ ನಮೂನೆಗಳು ಸಿಕ್ಕಿದ್ವು. ದುಡಿಯೋರ ಸಾಲಿಗೆ ಬಳಸಿರೋ ಕಾರ್ಖಾನೆ ಬೀದಿಯ ಐವತ್ತೆರಡು. ಸ್ವಲ್ಪ ನೋಡ್ತೀರಾ?"

"ಅದನ್ನ್ಯಾಕಮ್ಮ ಕೆದಕೋಕೆ ಹೋದೆ?"

"ಸುಮ್ನೆ ನೋಡ್ದೆ. ಬೇರೆ ಬೀದಿಗಳ ನಮೂನೆಗಳ ಮೇಲೆ ಟೀ ಕಲೆ ಇದೆ, ಮಗು ಗೀಚಿರೋದಿದೆ, ಹೊಡೆದು ಹಾಕಿ ಬರೆದಿರೋದಿದೆ. ಈ ಐವತ್ತೆರಡು ಮಾತ್ರ ಮದುವೆ ಕಾಗದದ ಥರ ಇವೆ." ಅವಳು ನಕ್ಕಳು. ಅವನು ನಗಲಿಲ್ಲ. "ಇನ್ನೊಂದು ಸರ್. ಮೂಟೆ ಹೊರೋ ಗಂಡಸು ನನಗಿಂತ ಕಡಿಮೆ ತಿಂತಾನಂತೆ. ನಿಮಗೆ ವಿಚಿತ್ರ ಅನ್ನಿಸಲ್ವಾ?"

"ಬಡವರು," ಎಂದ ಅವನು. "ಬಡವರು ಕಡಿಮೆಯೇ ತಿನ್ನೋದು," ಎಂದಾಗ ಅವನ ಸ್ವರ ಎಷ್ಟು ಸಮಾಧಾನವಾಗಿತ್ತು, ಎಷ್ಟು ಹಿರಿತನದಿಂದ ಕೂಡಿತ್ತು! ಅವಳು ಪೆಟ್ಟಿಗೆಯನ್ನು ಅವನ ಮೇಜಿನ ಮೇಲೇ ಬಿಟ್ಟು ಹೋದಳು. ಮೇಲಿದ್ದ ನಮೂನೆಯಲ್ಲಿ ಇಪ್ಪತ್ನಾಲ್ಕರ ವಯಸ್ಸಿನ ಅವನ ಕೈಬರಹ, ದುಂಡಗೆ, ಮುತ್ತು ಪೋಣಿಸಿದ ಹಾಗೆ. ಆ ಕೈಬರಹಕ್ಕೆ ಅಂದಿನ ಮೇಲ್ವಿಚಾರಕರು ಎಲ್ಲರ ಎದುರು ಬೆನ್ನು ತಟ್ಟಿದ್ದರು. ಒಂದು ಖಾಲಿ ಜಾಗವಿಲ್ಲ, ಒಂದು ತಿದ್ದುಪಡಿಯಿಲ್ಲ, ಈ ಹುಡುಗನನ್ನು ನೋಡಿ ಕಲಿಯಿರಿ ಎಂದಿದ್ದರು. ಹಂಗಾಮಿ ಕೆಲಸ ಖಾಯಂ ಆದದ್ದು ಆ ಐವತ್ತೆರಡು ಕಾಗದಗಳಿಂದ.

ಕಾರ್ಖಾನೆ ಬೀದಿಗೆ ಅವನು ಹೋಗಿದ್ದು ಒಂದೇ ದಿನ, ಒಂದೇ ಮನೆಗೆ. ಸುಣ್ಣ ಉದುರಿದ ಉದ್ದನೆಯ ಕಟ್ಟಡ, ಸಾಲಾಗಿ ಬಾಗಿಲುಗಳು, ಎಲ್ಲ ಬಾಗಿಲುಗಳ ಮುಂದೂ ಒಣಗುವ ಬಟ್ಟೆ. ಕೊರಳಿಗೆ ಗುರುತಿನ ಚೀಟಿ, ಕಂಕುಳಲ್ಲಿ ಚೀಲ, ಚೀಲದೊಳಗೆ ತೋರಿಸಿ ಕೇಳಲೆಂದು ಕೊಟ್ಟ ಮೂರು ಅಳತೆಯ ಚಮಚಗಳು. ಮೊದಲ ಬಾಗಿಲು ತೆರೆದ ದಪ್ಪ ಹೆಂಗಸಿಗೆ ಅವನು ಬಾಯಿಪಾಠದ ಪ್ರಶ್ನೆ ಕೇಳಿದ, ನಿನ್ನೆ ಬೆಳಿಗ್ಗೆಯಿಂದ ಮಲಗುವವರೆಗೆ ಏನೇನು ತಿಂದಿರಿ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು, ಚಮಚಗಳನ್ನು ನೋಡಿದಳು, ಆಮೇಲೆ ಪಕ್ಕದ ಬಾಗಿಲ ಕಡೆ ತಿರುಗಿ ಕೂಗಿದಳು: "ಬಾರೇ ಇಲ್ಲಿ, ನಮ್ಮ ಹೊಟ್ಟೆ ಅಳೆಯೋಕೆ ಬಂದಿದ್ದಾರೆ!" ಐದಾರು ಹೆಂಗಸರು ಸೇರಿದರು. ಅವರಲ್ಲೊಬ್ಬಳು, "ಅದಿರ್ಲಿ, ನೀನು ನಿನ್ನೆ ಏನು ತಿಂದೆಯಪ್ಪ?" ಎಂದಳು. ಹಿಂದಿನ ದಿನ ಬೆಳಿಗ್ಗೆ ಅವನು ತಿಂದಿದ್ದ, ಆಮೇಲೆ ಏನೂ ತಿಂದ ನೆನಪಿರಲಿಲ್ಲ. ಅವನ ಮುಖದಲ್ಲಿ ಅವರು ಏನು ಕಂಡರೋ, ನಗು ನಿಂತಿತು. ದಪ್ಪ ಹೆಂಗಸು ಒಳಗೆ ಹೋಗಿ ತಟ್ಟೆ ತುಂಬ ಕರಿದ ಮೀನು ತಂದು ಅವನ ತೊಡೆಯ ಮೇಲಿಟ್ಟಳು. ತಿನ್ನುವುದಿಲ್ಲ, ನಿಯಮವಿದೆ ಎಂದ. ತಿಂದ. ಎಣ್ಣೆ ಅಂಗೈಯಿಂದ ಮೊಣಕೈವರೆಗೆ ಇಳಿಯಿತು, ಅಂಗಿಯ ತೋಳಿಗೆ ಒರೆಸಿಕೊಂಡು ತಿಂದ, ಮತ್ತೆ ಹಾಕಿದ್ದನ್ನೂ ತಿಂದ. ಹೆಂಗಸರು ಸುತ್ತ ನಿಂತು ಸುಮ್ಮನೆ ನೋಡುತ್ತಿದ್ದರು. ಹಿಂದಿನಿಂದ ಯಾರೋ ಮೆಲ್ಲಗೆ, "ಪಾಪ," ಎಂದರು.

ಆ ಪಾಪ ಎಂಬುದೊಂದು ಇಲ್ಲದಿದ್ದರೆ ಅವನು ಮರುದಿನ ಹೋಗುತ್ತಿದ್ದನೇನೋ. ಹೋಗುತ್ತಿದ್ದೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದಾನೆ. ಮರುದಿನ ಬಸ್ಸಿನಲ್ಲಿ ಆ ನಿಲ್ದಾಣ ಬಂದಾಗ ಕಾಲು ಏಳಲಿಲ್ಲ. ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬಂದ. ಆಮೇಲೆ ಮೂರು ವಾರ ಅವನ ಮನೆಯೇ ಕಾರ್ಖಾನೆ ಬೀದಿಯಾಯಿತು. ತಂದೆ ಇಲ್ಲದ ಮನೆ, ತಾಯಿ ಮಗ ಇಬ್ಬರೇ. ದಿನವೂ ಸಂಜೆ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಚಮಚ ತೋರಿಸಿ ಕೇಳುತ್ತಿದ್ದ, ನಿನ್ನೆ ಏನೇನು ತಿಂದೆ, ಎಣ್ಣೆ ಎಷ್ಟು. ಅವಳು ಹೇಳಿದ್ದನ್ನು ಅಲ್ಲಿ ಇಲ್ಲಿ ಒಂದಿಷ್ಟು ಹೆಚ್ಚು ಕಡಿಮೆ ಮಾಡಿ ಕ್ರೇನ್ ಓಡಿಸುವವನ ಹೆಸರಲ್ಲಿ, ಕುಲುಮೆಯವನ ಹೆಸರಲ್ಲಿ, ಮೂಟೆ ಹೊರುವವನ ಹೆಸರಲ್ಲಿ ಬರೆದ. ಐವತ್ತೆರಡು ಜನ ಗಟ್ಟಿಮುಟ್ಟಾದ ಗಂಡಸರು ಒಬ್ಬ ವಿಧವೆಯ ಊಟ ಉಂಡರು. ಆ ಸಮೀಕ್ಷೆಯಲ್ಲಿ ಒಂದೊಂದು ನಮೂನೆ ಹನ್ನೊಂದು ಸಾವಿರ ಜನಕ್ಕೆ ಸಮ ಎಂಬುದು ಅವನಿಗೆ ಆಗ ಗೊತ್ತಿರಲಿಲ್ಲ. ಗೊತ್ತಾದಾಗ ಕೋಷ್ಟಕ ಅಚ್ಚಾಗಿತ್ತು, ಅವನು ಖಾಯಂ ಆಗಿದ್ದ.

ಈಗ ಆ ಅಮ್ಮ ಕಿಟಕಿಯ ಪಕ್ಕದ ಮಂಚದಲ್ಲಿ ಕೂತು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದಳು. ಎಪ್ಪತ್ತೊಂಬತ್ತು ವರ್ಷ, ಕಡ್ಡಿಯಂಥ ಮೈ, ಕಿವಿ ಚುರುಕು. ಹೆಂಡತಿ ಶಾಲೆಗೆ ಹೊರಟ ಮೇಲೆ ಅವನು ಬೂಟು ಹಾಕಿಕೊಳ್ಳುವ ನೆಪದಲ್ಲಿ ಮಂಚದ ತುದಿಯಲ್ಲಿ ಕೂತ. ಯಾಕೆ ಕೇಳಿದನೋ. ಆ ದಿನಗಳಲ್ಲಿ ಒಂದಾದರೂ ನಿಜವಿತ್ತು, ಅಮ್ಮನ ಊಟವಾದರೂ ನಿಜವಿತ್ತು ಎಂದು ಕೇಳಿ ತಿಳಿದುಕೊಳ್ಳಬೇಕು ಎಂದಿರಬೇಕು.

"ಅಮ್ಮಾ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನಾ ನಿನ್ನ ಊಟ ಬರ್ಕೊಳ್ತಿದ್ದೆ, ನೆನಪಿದೆಯಾ?"

"ನೆನಪಿಲ್ದೆ ಏನು? ಪೊಲೀಸಿನವನ ಥರ ಎದುರಿಗೆ ಕೂತ್ಕೊಳ್ತಿದ್ದೆ. ಎಷ್ಟು ಚಮಚ, ಎಷ್ಟು ಚಮಚ ಅಂತ ಪ್ರಾಣ ತಿಂತಿದ್ದೆ. ನಾನೂ ಏನೋ ಒಂದು ಹೇಳ್ತಿದ್ದೆ."

"ಏನೋ ಒಂದು ಅಂದ್ರೆ?"

"ನಾಲ್ಕು ಚಮಚ ಎಣ್ಣೆ ಅಂತಿದ್ದೆ. ನಾಲ್ಕು ಎಲ್ಲಿಂದ ಬರ್ಬೇಕು ಮಗನೇ? ನಿನ್ನ ತಟ್ಟೆಗೆ ಹಾಕಿದ ಮೇಲೆ ಬಾಣಲೆಗೆ ಅಂಟಿರೋದು ನನ್ನ ಪಾಲು. ಒಂದು ಚಮಚ ಇದ್ದೀತು. ಅದೂ ಇಲ್ಲದ ದಿನ ಇತ್ತು."

"ಮತ್ಯಾಕೆ ನಾಲ್ಕು ಅಂತ ಹೇಳ್ದೆ?"

ಅಮ್ಮ ಅವನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದಳು. "ನೀನು ಸರ್ಕಾರದ ಕಾಗದದಲ್ಲಿ ಬರೀತಿದ್ದೆ. ಮನೆ ಮರ್ಯಾದೆ ಕಾಗದದಲ್ಲಿ ಕಳ್ಕೊಳ್ತಾರಾ ಯಾರಾದ್ರೂ? ನಾನು ತಿಂದಿಲ್ಲ ಅಂದಿದ್ರೆ ನೀನೂ ಅರ್ಧಕ್ಕೇ ಏಳ್ತಿದ್ದೆ, ಆ ಮಾತು ಬೇರೆ." ಬಿಸ್ಕತ್ತಿನ ತುಂಡು ಮುರಿದು ಟೀಯಲ್ಲಿ ಮುಳುಗಿತು. ಅವಳು ಅದನ್ನು ಬೆರಳಿನಿಂದ ಎತ್ತುತ್ತ, "ಈಗ್ಯಾಕೆ ಅದೆಲ್ಲ? ಹೊತ್ತಾಯ್ತು, ಹೋಗು," ಎಂದಳು.

ಬಸ್ಸಿನಲ್ಲಿ ನಿಂತುಕೊಂಡು, ಕಂಬ ಹಿಡಿದುಕೊಂಡು ಅವನು ಲೆಕ್ಕ ಹಾಕಿದ. ಲೆಕ್ಕ ಬಿಟ್ಟರೆ ಅವನ ಮನಸ್ಸಿಗೆ ಬೇರೆ ಆಸರೆ ಗೊತ್ತಿರಲಿಲ್ಲ. ಹದಿನೆಂಟು ಗ್ರಾಂ ಅಮ್ಮನ ಮಾನ. ನಾಲ್ಕೂವರೆ ಗ್ರಾಂ ಅಮ್ಮನ ಹೊಟ್ಟೆ. ಕಾರ್ಖಾನೆ ಬೀದಿಯದು ಎಷ್ಟೋ ದೇವರಿಗೇ ಗೊತ್ತು. ಇಪ್ಪತ್ತೆರಡು ವರ್ಷದಲ್ಲಿ ಹತ್ತೊಂಬತ್ತನೇ ಕೋಷ್ಟಕದ ಮೇಲೆ ಸಮಿತಿ ಎಂಬತ್ತಮೂರು ಅಭಿಪ್ರಾಯ ಕೊಟ್ಟಿದೆ. ಬಣ್ಣದ ಪುಡಿ, ಬೆಳೆಗೆ ಹೊಡೆಯುವ ಔಷಧಿ, ಡಬ್ಬದ ಒಳಲೇಪ, ಎಲ್ಲವೂ ಪಾಸು. ದುಡಿಯುವ ಜನ ಅಷ್ಟು ಕಡಿಮೆ ತಿನ್ನುವಾಗ ಯಾವುದು ತಾನೆ ಫೇಲಾದೀತು? ಬಸ್ಸಿನಲ್ಲಿ ಕೂತವರನ್ನು ನೋಡಿದ. ಬಾಗಿಲ ಬಳಿ ಟೋಪಿ ಹಾಕಿದವನು, ಮೊಣಕಾಲ ಮೇಲೆ ಊಟದ ಡಬ್ಬಿ ಇಟ್ಟುಕೊಂಡವಳು, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ ಮುದುಕ. ಲಕ್ಷಕ್ಕೆ ಒಂದು, ಲಕ್ಷಕ್ಕೆ ಮೂರು ಎಂದು ಬರೆಯುವಾಗ ಆ ಒಂದಕ್ಕಾಗಲಿ ಮೂರಕ್ಕಾಗಲಿ ಮುಖವಿರುವುದಿಲ್ಲ. ಮುಖವಿಲ್ಲ ಎಂಬುದರಿಂದಲೇ ಈ ಕೆಲಸ ಮಾಡಲು ಆಗುತ್ತದೆ. ಯಾರಿಗಾದರೂ ರೋಗ ಬಂದರೆ ಅದು ಎಣ್ಣೆಯಿಂದಲೇ ಬಂತೆಂದು ಯಾರೂ ಹೇಳಲಾರರು, ಡಾಕ್ಟರೂ ಹೇಳಲಾರ, ರೋಗಿಗೂ ಗೊತ್ತಾಗದು. ಯಾರೂ ಅವನ ಮನೆ ಬಾಗಿಲಿಗೆ ಬಂದು ಕೊರಳಪಟ್ಟಿ ಹಿಡಿಯುವುದಿಲ್ಲ. ಬಂದು ಹಿಡಿದರೆ ಎಷ್ಟು ಹಗುರವಾಗುತ್ತಿತ್ತು! ಟೋಪಿಯವನು ಅವನನ್ನು ದಿಟ್ಟಿಸಿ, "ಏನ್ರೀ, ಗುರುತಿದೆಯಾ?" ಎಂದು ಕೇಳಿದ. ಇಲ್ಲ ಎಂದು ಅವನು ಮುಖ ತಿರುಗಿಸಿದ.

ಸಭೆಯ ಕೋಣೆಯಲ್ಲಿ ಏಳು ಜನ. ಮೇಜಿನ ತಲೆಯಲ್ಲಿ ಅಧ್ಯಕ್ಷರು, ನಿವೃತ್ತಿಗೆ ಐದು ತಿಂಗಳಿದ್ದ ಮೃದು ಮಾತಿನ ಮನುಷ್ಯ. ಯಾರ ಮನಸ್ಸನ್ನೂ ನೋಯಿಸದೆ ಮೂವತ್ತು ವರ್ಷ ಅಧಿಕಾರ ಮಾಡಿದವರು. ಅವರ ಎಡಕ್ಕೆ ಎಲ್ಲರೂ ಇಲಿ ಡಾಕ್ಟರು ಎನ್ನುವ ವಿಷಶಾಸ್ತ್ರದವರು. ಬಲಕ್ಕೆ ಅವನು. ಎದುರಿಗೆ ಸಂಖ್ಯಾಶಾಸ್ತ್ರದವಳು, ನಡವಳಿ ಬರೆಯುವ ಗುಮಾಸ್ತ, ಇನ್ನಿಬ್ಬರು ತಲೆಯಾಡಿಸುವವರು. ಇಲಿ ಡಾಕ್ಟರು ತಮ್ಮ ಭಾಗವನ್ನು ಹೆಮ್ಮೆಯಿಂದ ಓದಿದರು. ಎರಡು ವರ್ಷ ಅಷ್ಟಷ್ಟು ತಿನ್ನಿಸಿದೆವು, ಐವತ್ತರಲ್ಲಿ ಹದಿನೇಳು ಇಲಿಗಳಿಗೆ ಗಡ್ಡೆ ಬಂತು, ಕಡಿಮೆ ತಿಂದರೆ ಎಷ್ಟಕ್ಕೆ ಬಂದೀತು ಎಂದು ಅಲ್ಲಿಂದ ಕೆಳಕ್ಕೆ ಗೆರೆ ಎಳೆದೆವು. "ನಮ್ಮ ಇಲಿಗಳು ಸುಳ್ಳು ಹೇಳಲ್ಲ," ಎಂದು ಮುಗಿಸಿದಾಗ ಎಲ್ಲರೂ ಯಾವಾಗಲೂ ನಗುವಷ್ಟು ನಕ್ಕರು. ಅವನ ಸರದಿ ಬಂತು. ಎರಡು ಪುಟ ಓದಿದ. ಹದಿನೆಂಟು ಗ್ರಾಂ ಎಂಬಲ್ಲಿ ನಿಂತ.

"ಈ ಅಂಕಿ ಕಡಿಮೆ ಇರಬಹುದು ಸರ್," ಎಂದ.

"ಅಂದ್ರೆ?"

"ಕಾರ್ಖಾನೆ ಬೀದಿಯವರು ಇದಕ್ಕಿಂತ ಹೆಚ್ಚು ತಿಂತಾರೆ ಅನ್ನಿಸ್ತಿದೆ."

ಅಧ್ಯಕ್ಷರು ಅವನ ಕಡೆ ಪ್ರೀತಿಯಿಂದಲೇ ತಿರುಗಿದರು. "ಅನ್ನಿಸ್ತಿದೆ ಅಂದ್ರೆ ಆಗಲ್ಲಪ್ಪ. ನಿಮಗೆ ನಾನು ಹೇಳ್ಬೇಕಾ? ಎಷ್ಟು ಹೆಚ್ಚು? ಒಂದು ಅಂಕಿ ಕೊಡಿ, ಅದಕ್ಕೊಂದು ಆಧಾರ ಕೊಡಿ. ಬದಲಾಯಿಸೋಣ."

ಅಂಕಿ ಎಷ್ಟು ಹತ್ತಿರದಲ್ಲಿತ್ತು! ಅರವತ್ತು ಎಂದರೆ ಸಾಕಿತ್ತು. ಹಳೆಯ ಟಿಪ್ಪಣಿಯಲ್ಲಿ ಸಿಕ್ಕಿತು ಎಂದರೆ ಸಾಕಿತ್ತು. ಗ್ರಾಂ ಸಾಹೇಬರ ಮಾತನ್ನು ಇಲ್ಲಿ ಯಾರೂ ತೆಗೆದುಹಾಕುವವರಲ್ಲ. ಅರವತ್ತನ್ನು ಇಟ್ಟು ಗುಣಿಸಿದರೆ ಲಕ್ಷಕ್ಕೆ ಮೂರು, ಎಣ್ಣೆ ಫೇಲು, ಡಬ್ಬಗಳು ಅಂಗಡಿಯಿಂದ ವಾಪಸು, ಅವನ ಹೆಸರಿಗೂ ಮಸಿಯಿಲ್ಲ. ಆಗ ಹುಟ್ಟಿಸಿ ಬರೆದದ್ದನ್ನು ಈಗ ಇನ್ನೊಂದು ಹುಟ್ಟಿಸಿ ಬರೆದು ಅಳಿಸಿಬಿಡಬಹುದು. ಅವನು ನಿಜವಾಗಿಯೂ ಬಾಯಿ ತೆರೆದ. ಎದುರಿಗೆ ಸಂಖ್ಯಾಶಾಸ್ತ್ರದವಳು ಪೆನ್ಸಿಲ್ಲನ್ನು ಕಾಗದದ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಳು, ಹೇಳಿದ್ದನ್ನು ಬರೆದುಕೊಳ್ಳಲು ಸಿದ್ಧಳಾಗಿ. ಅವಳ ನಂಬಿಕೆಯನ್ನು ಕಂಡು ಅವನಿಗೆ ಭಯವಾಯಿತು. "ಹದಿನೈದು ನಿಮಿಷ ಕೊಡಿ ಸರ್," ಎಂದು ಎದ್ದ. "ಟೀ ಕುಡಿಯೋಣ ಬಿಡಿ," ಎಂದರು ಅಧ್ಯಕ್ಷರು.

ಅವನ ಕಾಲುಗಳು ಮೆಟ್ಟಿಲಿಳಿದು ಹಿಂದಿನ ಗೇಟಿನ ಕಡೆ ಹೋದವು. ಅಲ್ಲಿ ಲಾರಿಯೊಂದರಿಂದ ಕಾಗದದ ಬಂಡಲು ಇಳಿಸುತ್ತಿದ್ದರು. ನಲವತ್ತರ ಹಮಾಲನೊಬ್ಬ ಬಂಡಲು ಇಳಿಸಿ ಹಲಗೆಯ ಮೇಲೆ ಕೂತು ತಲೆಗೆ ಸುತ್ತಿದ್ದ ಬಟ್ಟೆಯಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಅವನ ಮುಂದೆ ನಿಂತಾಗ ಇಪ್ಪತ್ತೆರಡು ವರ್ಷದ ಹಿಂದಿನ ಪ್ರಶ್ನೆ ಪದ ಪದವಾಗಿ ಬಾಯಿಗೆ ಬಂತು. ನಿನ್ನೆ ಬೆಳಿಗ್ಗೆಯಿಂದ ಮಲಗುವವರೆಗೆ ಏನೇನು ತಿಂದಿರಿ?

"ಯಾಕೆ ಸರ್? ಕಳ್ಳತನ ಆಗಿದೆಯಾ?" ಎಂದ ಹಮಾಲ. ಲಾರಿಯ ಮೇಲಿದ್ದವನು ನಕ್ಕ.

"ಇಲ್ಲ. ನನಗೆ ಬೇಕಿತ್ತು. ದಯವಿಟ್ಟು ಹೇಳಿ."

ಅವನ ದನಿಯಲ್ಲಿ ಅಂಗಲಾಚುವಂಥದೇನೋ ಇದ್ದಿರಬೇಕು. ಹಮಾಲ ನಗು ಬಿಟ್ಟು ಹೇಳತೊಡಗಿದ. ಒಂದೊಂದನ್ನೂ ಯೋಚಿಸಿ, ಬಿಟ್ಟುಹೋದದ್ದನ್ನು ಮತ್ತೆ ಸೇರಿಸಿ, ಬೆರಳು ಮಡಚಿ ಹೇಳಿದ. ಬೆಳಿಗ್ಗೆ ಕರಿದದ್ದು, ಮಧ್ಯಾಹ್ನ ಹುರಿದದ್ದು, ಸಂಜೆ ಗಾಡಿಯವನ ಬಳಿ ಮತ್ತೆ ಕರಿದದ್ದು. ಎಣ್ಣೆ ಇಲ್ಲದಿದ್ದರೆ ಭಾರ ಎತ್ತಲು ಆಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಕತ್ತಲೆ ಬರುತ್ತದೆ ಎಂದ. ಯಾವ ಎಣ್ಣೆ? ಡಬ್ಬದ್ದೇ ಸರ್, ಐದು ಲೀಟರ್. ಎಷ್ಟು ದಿನ ಬರುತ್ತೆ? ನಾವು ನಾಲ್ಕು ಜನ. ಹದಿನೆಂಟು ದಿನ ಬಂದ್ರೆ ದೊಡ್ಡದು. ಅವನು ಜೇಬಿನಲ್ಲಿದ್ದ ಚೀಟಿಯ ಮೇಲೆ ಬರೆದುಕೊಂಡ. ನಿಂತೇ ಬರೆದದ್ದರಿಂದ ಅಕ್ಷರ ಸೊಟ್ಟಗಾಯಿತು, ಒಂದು ಅಂಕಿ ತಪ್ಪಿ ಹೊಡೆದು ಹಾಕಿ ಮತ್ತೆ ಬರೆದ. ತಲೆಗೆ ಅರವತ್ತನಾಲ್ಕು ಗ್ರಾಂ. ಅವನು ತನ್ನ ಬಾಳಿನಲ್ಲಿ ತುಂಬಿದ ಮೊದಲ ನಿಜವಾದ ನಮೂನೆ ಅದು. ಗೇಟಿನ ಗೋಡೆಗೆ ಒರಗಿ ಉಳಿದದ್ದನ್ನೂ ಲೆಕ್ಕ ಹಾಕಿದ. ಐವತ್ತೆರಡು ನಮೂನೆ, ತಲಾ ಹನ್ನೊಂದು ಸಾವಿರ, ಐದು ಲಕ್ಷ ಎಪ್ಪತ್ತೆರಡು ಸಾವಿರ ಜನ. ಹದಿನೆಂಟು ಗ್ರಾಂ ಆದರೆ ಅವರಲ್ಲಿ ಐದು ಜನಕ್ಕೆ ಕ್ಯಾನ್ಸರ್. ಅರವತ್ತನಾಲ್ಕು ಆದರೆ ಹದಿನೆಂಟು ಜನಕ್ಕೆ. ನಡುವಿನ ಹದಿಮೂರು ಜನ ಅವನವರು. ಉಳಿದ ಎಂಬತ್ತಮೂರು ಅಭಿಪ್ರಾಯಗಳದ್ದು ಬೇರೆ.

"ಸಿಕ್ತಾ ಅಂಕಿ?" ಎಂದರು ಅಧ್ಯಕ್ಷರು, ಟೀ ಕಪ್ಪನ್ನು ಪಕ್ಕಕ್ಕೆ ಸರಿಸುತ್ತ.

"ಅರವತ್ತನಾಲ್ಕು ಸರ್."

ಇಲಿ ಡಾಕ್ಟರು ಸಣ್ಣಗೆ ಶಿಳ್ಳೆ ಹಾಕಿದರು. ಸಂಖ್ಯಾಶಾಸ್ತ್ರದವಳು ಆಗಲೇ ಗುಣಿಸಿ, "ಮೂರು ದಶಾಂಶ ಎರಡು," ಎಂದಳು. ಅವಳ ಮುಖ ಅರಳಿತ್ತು.

"ಆಧಾರ?"

"ಈಗ ಕೆಳಗೆ ಹೋಗಿ ಕೇಳಿಕೊಂಡು ಬಂದೆ. ಹಿಂದಿನ ಗೇಟಿನಲ್ಲಿ ಒಬ್ಬ ಹಮಾಲ."

"ಒಬ್ಬರಾ?"

"ಒಬ್ಬರು."

ತಲೆಯಾಡಿಸುವವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಲಿ ಡಾಕ್ಟರು, "ನಾನು ಒಂದು ಇಲಿ ಇಟ್ಕೊಂಡು ಬಂದಿದ್ರೆ ನೀವು ಒಳಗೆ ಬಿಡ್ತಿದ್ರಾ?" ಎಂದು ಗಹಗಹಿಸಿ ನಕ್ಕರು. ನಗು ಮೇಜಿನ ಸುತ್ತ ಹೋಯಿತು. ಅವನ ತುಟಿಯೂ ನಗಲು ಹೊರಟಿತು. ಈ ಕೋಣೆಯಲ್ಲಿ ಬೇರೆಯವರ ಜೊತೆ ನಕ್ಕು ನಕ್ಕು ಅದಕ್ಕೆ ಅಭ್ಯಾಸವಾಗಿತ್ತು. ಅದನ್ನು ಅವನು ತಡೆದ.

"ಈಗ ಕೋಷ್ಟಕದಲ್ಲಿರೋದೂ ಒಬ್ಬರೇ ಸರ್," ಎಂದ. "ನಮ್ಮಮ್ಮ."

ಯಾರಿಗೂ ಅರ್ಥವಾಗಲಿಲ್ಲ. ಹೇಳಿದ. ಬೀದಿ, ಮೀನು, ಬಸ್ಸು, ಚಮಚ, ಎಲ್ಲ ಹೇಳಿದ. ಪಾಪ ಎಂದದ್ದನ್ನು ಮಾತ್ರ ಬಿಟ್ಟ. ಐವತ್ತೆರಡನ್ನೂ ನಾನೇ ಬರೆದೆ, ಆ ನಾಲ್ಕು ಚಮಚವೂ ಸುಳ್ಳು, ಅಮ್ಮ ಮರ್ಯಾದೆಗೆ ಹೇಳಿದ್ದು ಎಂದ. ಗುಮಾಸ್ತನ ಪೆನ್ನು ಎಲ್ಲೋ ನಡುವೆ ನಿಂತಿತ್ತು. ಸಂಖ್ಯಾಶಾಸ್ತ್ರದವಳು ತಲೆ ತಗ್ಗಿಸಿಕೊಂಡಿದ್ದಳು. ಮಾತು ಮುಗಿದ ಮೇಲೆ ಅವನಿಗೆ ಮೈ ಬಿಡುಗಡೆಯಾದಂತಾಗಿ, ಇನ್ನು ಬೈಗುಳ ಬರಲಿ, ಪೊಲೀಸರು ಬರಲಿ, ಕೆಲಸ ಹೋಗಲಿ ಎಂದು ಆಸೆಯಿಂದ ಕಾದ. ಬೈಗುಳ ಬರಲಿಲ್ಲ.

"ತಾಯಿಯವರು ಹೇಗಿದ್ದಾರೆ ಈಗ?" ಎಂದು ಕೇಳಿದರು ಅಧ್ಯಕ್ಷರು.

"ಚೆನ್ನಾಗಿದ್ದಾರೆ."

"ನೀವು ಒಂದು ವಾರ ರಜೆ ಹಾಕಿ ಅವರ ಜೊತೆ ಇರಿ. ನಿದ್ದೆ ಕೆಟ್ಟಿರೋ ಹಾಗೆ ಕಾಣ್ತೀರಿ." ಆಮೇಲೆ ದನಿ ತಗ್ಗಿಸಿ, ಅವನೊಬ್ಬನಿಗೇ ಹೇಳುವ ಹಾಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ: "ನೀವು ಹೇಳಿದ್ದು ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡರೆ ಎಂಬತ್ತಮೂರು ಅಭಿಪ್ರಾಯ ವಾಪಸು ತಗೋಬೇಕು. ನಾಳೆ ಬೆಳಿಗ್ಗೆ ಜನ ಏನು ತಿನ್ನಬೇಕು ಅಂತ ಯಾರು ಹೇಳ್ತಾರೆ? ನೀವು ಹೇಳ್ತೀರಾ?" ಗುಮಾಸ್ತನ ಕಡೆ ತಿರುಗಿದರು. "ಬರ್ಕೊಳ್ಳಿ. ಕೋಷ್ಟಕದ ಅಂಕಿಗಳು ಹಳೆಯವಾದ್ದರಿಂದ ಹೊಸ ಸಮೀಕ್ಷೆ ನಡೆಸಲು ಸಮಿತಿ ಶಿಫಾರಸು ಮಾಡಿದೆ. ಅಲ್ಲಿಯವರೆಗೆ ಈಗಿರುವ ಅಂಕಿಯನ್ನೇ ಬಳಸತಕ್ಕದ್ದು."

"ಸಮೀಕ್ಷೆಗೆ ಎಷ್ಟು ಕಾಲ ಆಗುತ್ತೆ ಸರ್?" ಎಂದಳು ಸಂಖ್ಯಾಶಾಸ್ತ್ರದವಳು.

"ಐದು ವರ್ಷ ಅನ್ಕೊಳ್ಳಿ."

ವರದಿ ಕೈಯಿಂದ ಕೈಗೆ ಬಂತು. ಎಲ್ಲರ ಸಹಿಯೂ ಇತ್ತು. ಸಂಖ್ಯಾಶಾಸ್ತ್ರದವಳದೂ ಇತ್ತು, ಅವಳು ಅವನ ಮುಖ ನೋಡದೆ ಅದನ್ನು ಅವನ ಕಡೆ ಸರಿಸಿದಳು. ಅವನು ಸಹಿ ಹಾಕುವುದಿಲ್ಲ ಎಂದ. ಆರರಲ್ಲಿ ನಾಲ್ಕು ಇದ್ದರೆ ಸಾಕು, ಪರವಾಗಿಲ್ಲ ಎಂದರು ಅಧ್ಯಕ್ಷರು. ಹಾಕದಿರುವುದಕ್ಕೆ ಕಾರಣ ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. ಗುಮಾಸ್ತ ಅವನ ಹೆಸರಿನ ಮುಂದೆ 'ರಜೆಯಲ್ಲಿ' ಎಂದು ಬರೆದ. ಇಡೀ ನೌಕರಿಯಲ್ಲಿ ಒಂದೇ ಒಂದು ಸಲ ನಿಜ ಹೇಳಿದ್ದು, ಅದು ಯಾರ ಕಿವಿಗೂ ಬೀಳಲಿಲ್ಲವೆಂದು ತೀರ್ಮಾನವಾಯಿತು. ಅವನಿಗೆ ಮೇಜನ್ನು ಗುದ್ದಬೇಕೆನ್ನಿಸಿತು. ಗುದ್ದಲಿಲ್ಲ. ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ ಎದ್ದ.

ಹಿಂದಿನ ಗೇಟಿನಿಂದಲೇ ಹೊರಬಿದ್ದ. ಮುಂದಿನ ಬಾಗಿಲಲ್ಲಿ ಯಾರಾದರೂ ನಮಸ್ಕಾರ ಹೊಡೆದಾರೆಂಬ ಹೆದರಿಕೆ. ಲಾರಿ ಅರ್ಧ ಖಾಲಿಯಾಗಿತ್ತು. ಹಮಾಲ ಬೆನ್ನ ಮೇಲೆ ಬಂಡಲು ಹೊತ್ತು ಬಾಗಿಕೊಂಡು ಬರುತ್ತಿದ್ದವನು ಅವನನ್ನು ಕಂಡು ನಿಂತ.

"ಸರ್, ನಾನು ಹೇಳಿದ್ದು ಸಾಕಾಯ್ತಾ? ಇನ್ನೊಂದು ಮರೆತಿದ್ದೆ, ರಾತ್ರಿ ಮಗಳು ಬಿಟ್ಟಿದ್ದನ್ನೂ ನಾನೇ ತಿಂದಿದ್ದೆ."

"ಸಾಕಾಯ್ತು."

"ಏನಕ್ಕೆ ಸರ್ ಅದು? ಏನಾದ್ರೂ ತೊಂದ್ರೆನಾ?"

ಕಚೇರಿಯ ನಿಯಮದ ಪ್ರಕಾರ ಅಭಿಪ್ರಾಯ ಪ್ರಕಟವಾಗುವ ಮೊದಲು ಹೊರಗಿನವರ ಹತ್ತಿರ ಮಾತಾಡುವಂತಿಲ್ಲ. ಪ್ರಕಟವಾದ ಮೇಲೆ ಅದಕ್ಕೆ ವಿರುದ್ಧ ಮಾತಾಡುವಂತಿಲ್ಲ. ಐದು ಲಕ್ಷ ಎಪ್ಪತ್ತೆರಡು ಸಾವಿರ ಜನರಲ್ಲಿ ಒಬ್ಬನಿಗೆ ಒಂದು ಮುಖ ಬಂದು, ಆ ಮುಖದಿಂದ ಬೆವರು ಇಳಿದು ಗದ್ದದಲ್ಲಿ ಸೇರಿ ಅವನೆದುರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಆ ಡಬ್ಬದ ಎಣ್ಣೆ ತಿನ್ನಬೇಡಿ," ಎಂದ. "ಮನೆಯವರಿಗೂ ಕೊಡಬೇಡಿ. ಅದು ಒಳ್ಳೇದಲ್ಲ."

ಹಮಾಲ ಬಂಡಲನ್ನು ಬೆನ್ನ ಮೇಲೆ ಸ್ವಲ್ಪ ಮೇಲಕ್ಕೆ ಎತ್ತಿಕೊಂಡ. ಅವನ ಮಾತಿನಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ತಿಳಿದವರನ್ನು ಕೇಳುವ ಹಾಗೆ ಕೇಳಿದ:

"ಹಾಗಾದ್ರೆ ಯಾವುದು ತಿನ್ನಲಿ ಸರ್?"

ಅವನು ಬಾಯಿ ತೆರೆದ. ಒಂದೊಂದಾಗಿ ಎಲ್ಲವನ್ನೂ ನೆನೆದ, ಬೇರೆ ಎಣ್ಣೆ, ಬೇರೆ ಕಾಳು, ಬೇರೆ ಹಿಟ್ಟು, ಡಬ್ಬದಲ್ಲಿ ಬರುವುದು, ಬಣ್ಣ ಹಾಕಿದ್ದು, ಹಾಕದ್ದು. ಎಲ್ಲದಕ್ಕೂ ಅವನದೇ ಸಹಿ ಇತ್ತು. ಲಾರಿಯ ಮೇಲಿದ್ದವನು ಬೇಗ ಬಾ ಎಂದು ಕೂಗಿದ. ಹಮಾಲ ಹೊರೆ ಇಳಿಸದೆ, ಉತ್ತರಕ್ಕಾಗಿ ನಿಂತೇ ಇದ್ದ.